ಒಂದು ಗೇಣು ಬಟ್ಟೆ

ಮನೆಯಲ್ಲಿ ಮಗ್ಗ ಇದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಸೀರೆ ನೇಯ್ತೀರಾ?"

ಇಲ್ಲ. ನನ್ನ ಮಗ್ಗದ ಅಗಲ 40 ಸೆಂಟಿಮೀಟರ್. ಅದರಲ್ಲಿ ಸೀರೆಯೂ ಬರುವುದಿಲ್ಲ, ಪಂಚೆಯೂ ಬರುವುದಿಲ್ಲ. ನೇಯುವುದು ಸ್ಕಾರ್ಫು. ಬೆಂಗಳೂರಿನ ಡಿಸೆಂಬರ್ ಚಳಿಗೆ ಕತ್ತಿಗೆ ಸುತ್ತಿಕೊಳ್ಳೋದಕ್ಕೆ, ಸ್ಕೂಟರ್ ಮೇಲೆ ಹೋಗುವಾಗ ಧೂಳಿಗೆ ಮುಖ ಕಟ್ಟಿಕೊಳ್ಳೋದಕ್ಕೆ ಆಗುತ್ತದೆ. ಹೀಗಂದಾಗ ಕೇಳಿದವರಿಗೆ ಸ್ವಲ್ಪ ನಿರಾಸೆ. ನಿಜ ಹೇಳಬೇಕೆಂದರೆ ಸ್ಕಾರ್ಫಿಗಿಂತ ಜಾಸ್ತಿ ನೇಯುವುದು ಗೇಣಗಲದ ಗೇಣುದ್ದದ ತುಂಡುಗಳನ್ನು ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ತುಂಡು ಯಾಕೆ? ಅದನ್ನು ಏನು ಮಾಡ್ತೀರಿ? ಏನೂ ಮಾಡೋದಿಲ್ಲ. ತೊಳೆದು, ಅಳತೆ ಬರೆದು, ಫೈಲಿನಲ್ಲಿ ಇಡುತ್ತೇನೆ.

ನನಗೆ ಆ ಮಾದರಿ ತುಂಡುಗಳೇ ನೇಯ್ಗೆ. ಸ್ಕಾರ್ಫು ಅದರ ನಕಲು ಪ್ರತಿ, ಅಷ್ಟೇ. ಹೀಗಂದರೆ ಜಂಬದ ಮಾತು ಅನ್ನಿಸಬಹುದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಮಗ್ಗದ ಬಗ್ಗೆ. ನನ್ನದು ಮೇಜಿನ ಮೇಲೆ ಇಡುವಂಥ, ಬೇಡವಾದಾಗ ಎತ್ತಿ ಮಂಚದ ಕೆಳಗೆ ತಳ್ಳುವಂಥ ಸಣ್ಣ ಮಗ್ಗ. ನ್ಯೂಜಿಲೆಂಡಿನ ಆಶ್‌ಫೋರ್ಡ್ ಕಂಪನಿ ಇಂಥವನ್ನು ಮಾಡುತ್ತದೆ. ಈಗ ನಮ್ಮಲ್ಲೂ ಕೆಲವು ಬಡಗಿಗಳು ಮಾಡಿಕೊಡುತ್ತಾರೆ. ಹಿಂದೆ ಒಂದು ದಿಂಡು, ಅದಕ್ಕೆ ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಬರುವ ಎಳೆ, ಸುತ್ತಿರುತ್ತದೆ. ಮುಂದೆ ಇನ್ನೊಂದು ದಿಂಡು, ಅದಕ್ಕೆ ನೇಯ್ದ ಬಟ್ಟೆ ಸುತ್ತಿಕೊಳ್ಳುತ್ತದೆ. ನಡುವೆ ಒಂದು ಹಣಿಗೆ. ಜಾಣತನವೆಲ್ಲ ಇರುವುದು ಆ ಹಣಿಗೆಯಲ್ಲಿ. ಅದರಲ್ಲಿ ಒಂದು ಸೀಳು, ಒಂದು ತೂತು, ಒಂದು ಸೀಳು, ಒಂದು ತೂತು ಹೀಗೆ ಸಾಲಾಗಿ ಇರುತ್ತವೆ. ತೂತಿನಲ್ಲಿ ಪೋಣಿಸಿದ ಎಳೆ ಹಣಿಗೆ ಎತ್ತಿದರೆ ಮೇಲೆ ಹೋಗುತ್ತದೆ, ಇಳಿಸಿದರೆ ಕೆಳಗೆ. ಸೀಳಿನಲ್ಲಿರುವ ಎಳೆ ಇದ್ದಲ್ಲೇ ಇರುತ್ತದೆ. ಎತ್ತಿದಾಗ ಒಂದು ದಾರಿ, ಇಳಿಸಿದಾಗ ಇನ್ನೊಂದು ದಾರಿ. ಆ ದಾರಿಯಲ್ಲಿ ನೂಲು ಸುತ್ತಿದ ಲಾಳಿ ದಾಟಿಸಿದರೆ ಹೊಕ್ಕು, ಅಂದರೆ ಅಡ್ಡ ಎಳೆ, ಬಿತ್ತು. ಅದೇ ಹಣಿಗೆಯಿಂದ ಅದನ್ನು ಮುಂದಕ್ಕೆ ಒತ್ತಿದರೆ ಒಂದು ಸಾಲು ಬಟ್ಟೆ ಆಯಿತು. ಕಾಲಿಗೆ ಕೆಲಸವಿಲ್ಲ, ತುಳಿಯುವ ಹಲಗೆ ಇಲ್ಲ. ಹಗ್ಗ ಎಳೆದರೆ ಲಾಳಿ ತಾನೇ ಓಡುವ ಏರ್ಪಾಡೂ ಇಲ್ಲ. ಇಂಗ್ಲೆಂಡಿನ ಜಾನ್ ಕೇ 1733ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ನಾನು ಅದಕ್ಕೂ ಹಿಂದಿನ ಕಾಲದಲ್ಲಿದ್ದೇನೆ. ಚಪ್ಪಟೆ ಮರದ ಪಟ್ಟಿಗೆ ನೂಲು ಸುತ್ತಿ ಕೈಯಲ್ಲೇ ದಾಟಿಸುತ್ತೇನೆ.

ಹಾಸು ಹಾಕುವ ದಿನ ನಮ್ಮ ಮನೆಯಲ್ಲಿ ಕರ್ಫ್ಯೂ. ಮಗ್ಗವನ್ನು ಊಟದ ಮೇಜಿನ ತುದಿಗೆ ಬಿಗಿದು, ಎರಡೂವರೆ ಮೀಟರ್ ಆಚೆ ಟೀವಿ ಸ್ಟ್ಯಾಂಡಿಗೆ ಒಂದು ಗೂಟ ಬಿಗಿಯುತ್ತೇನೆ. ಹಿಂದಿನ ದಿಂಡಿನಿಂದ ನೂಲಿನ ಕುಣಿಕೆಯನ್ನು ಸೀಳಿನೊಳಗಿಂದ ಕೊಕ್ಕೆಯಲ್ಲಿ ಎಳೆದು, ನಡೆದುಕೊಂಡು ಹೋಗಿ ಗೂಟಕ್ಕೆ ಹಾಕಿ, ವಾಪಸ್ ಬಂದು ಮುಂದಿನ ಸೀಳು. ಒಂದು ಕುಣಿಕೆ ಅಂದರೆ ಎರಡು ಎಳೆ. ಎಲ್ಲ ಮುಗಿದ ಮೇಲೆ ದಿಂಡಿಗೆ ಬಿಗಿಯಾಗಿ ಸುತ್ತಿ, ಪ್ರತಿ ಸೀಳಿನ ಎರಡು ಎಳೆಗಳಲ್ಲಿ ಒಂದನ್ನು ಪಕ್ಕದ ತೂತಿಗೆ ಪೋಣಿಸಬೇಕು. ಅಷ್ಟು ಹೊತ್ತು ಹಾಲ್‌ನಲ್ಲಿ ಯಾರೂ ಅಡ್ಡ ಓಡಾಡುವ ಹಾಗಿಲ್ಲ. ಅಡುಗೆಮನೆಗೆ ಹೋಗಬೇಕಾದವರು ಬಗ್ಗಿ ನೂಲಿನ ಕೆಳಗೆ ನುಸುಳಬೇಕು. ಮಗನಿಗೆ ಇದು ಆಟ. ಉಳಿದವರಿಗೆ ಅಷ್ಟು ಸಂತೋಷ ಇಲ್ಲ.

ಈಗ ಲೆಕ್ಕ. ನೇಯ್ಗೆ ಅಂದರೆ ಬದುಕಿನ ತತ್ವ ಹೇಳುವವರು ಜಾಸ್ತಿ. ಹಾಸು ಹೊಕ್ಕು, ಸುಖ ದುಃಖ, ಕಾಣದ ನೇಕಾರ ಇತ್ಯಾದಿ. ಮಗ್ಗದ ಮುಂದೆ ಕೂತಾಗ ನನಗಂತೂ ಗುಣಾಕಾರ ಭಾಗಾಕಾರ ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ.

ನೂಲಿನ ಸಣ್ಣ ದಪ್ಪ ಹೇಳುವುದು ಕೌಂಟಿನಲ್ಲಿ. ಒಂದು ಪೌಂಡ್ ಹತ್ತಿ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅಷ್ಟು ಕೌಂಟು. 20 ಲಡಿ ಬಂದರೆ 20ನೇ ಕೌಂಟು. ನಂಬರ್ ಏರಿದಷ್ಟೂ ನೂಲು ಸಣ್ಣ. 2/20 ಅಂತ ಬರೆದಿದ್ದರೆ 20ನೇ ಕೌಂಟಿನ ಎರಡು ಎಳೆ ಹೊಸೆದಿದ್ದಾರೆ ಅಂತ ಅರ್ಥ. ಅದರ ಉದ್ದ ಅರ್ಧಕ್ಕೆ ಇಳಿದು, ಒಂದು ಪೌಂಡಿಗೆ 8,400 ಗಜ ಬರುತ್ತದೆ. ನೂಲು ಸುತ್ತಿ ಬರುವ ಕೋನಿನ ಮೇಲೆ ಈ ನಂಬರ್ ಇದ್ದರೆ ತೂಕ ನೋಡಿ ಉದ್ದ ಹೇಳಬಹುದು. ಎಷ್ಟೋ ಸಲ ಅಂಗಡಿಯಲ್ಲಿ ಉಳಿಕೆ ನೂಲು ಕೊಂಡಾಗ ನಂಬರೇ ಇರುವುದಿಲ್ಲ. ಆಗ ಸ್ಕೇಲು ತೆಗೆಯಬೇಕು. ಸ್ಕೇಲಿನ ಸುತ್ತ ಒಂದು ಇಂಚಿನಷ್ಟು ಜಾಗದಲ್ಲಿ ನೂಲನ್ನು ಎಳೆಗೆ ಎಳೆ ತಾಗುವ ಹಾಗೆ ಸುತ್ತಿ ಎಣಿಸಬೇಕು. ಬಿಗಿಯಾಗಿ ಎಳೆದು ಸುತ್ತಬಾರದು, ಸಡಿಲವೂ ಬಿಡಬಾರದು. 24 ಸುತ್ತು ಬಂತು ಅನ್ನಿ. ಸಾದಾ ನೇಯ್ಗೆಗೆ ಅದರ ಅರ್ಧ, ಅಂದರೆ ಇಂಚಿಗೆ 12 ಎಳೆ. ಉಳಿದ ಅರ್ಧ ಜಾಗ ಹೊಕ್ಕಿಗೆ ಬೇಕು, ಅದು ಪ್ರತಿ ಎಳೆಯ ಪಕ್ಕದಲ್ಲಿ ಮೇಲೆ ಕೆಳಗೆ ನುಸುಳಬೇಕಲ್ಲ. ಟ್ವಿಲ್, ಅಂದರೆ ಓರೆ ಗೆರೆ ಬರುವ ನೇಯ್ಗೆ, ಆದರೆ ಮೂರರಲ್ಲಿ ಎರಡು ಪಾಲು. ಹೊಕ್ಕು ಅಲ್ಲಿ ಅಷ್ಟು ಸಲ ನುಸುಳುವುದಿಲ್ಲ, ಎಳೆಗಳು ಹತ್ತಿರ ಕೂರಬಹುದು.

ಹಣಿಗೆಗಳು ಇಂಚಿಗೆ 7.5, 10, 12.5 ಎಳೆ ಹಿಡಿಯುವಂಥವು ಸಿಗುತ್ತವೆ. 12 ಬೇಕಾದರೆ 12.5ರ ಹಣಿಗೆ. ಹತ್ತು ಇಂಚು ಅಗಲದ ಸ್ಕಾರ್ಫಿಗೆ 125 ಎಳೆ. ಉದ್ದ ಒಂದೂಮುಕ್ಕಾಲು ಮೀಟರ್ ಸಿಗಬೇಕಾದರೆ ಹಾಸು ಎರಡೂಕಾಲು ಎರಡೂವರೆ ಮೀಟರ್ ಬೇಕು. ಯಾಕೆಂದರೆ ಎಳೆ ಏರಿಳಿದು ಹೋಗುವಾಗ ಸ್ವಲ್ಪ ಉದ್ದ ತಿನ್ನುತ್ತದೆ, ತೊಳೆದಾಗ ಕುಗ್ಗುತ್ತದೆ, ಎರಡೂ ತುದಿಯಲ್ಲಿ ದಿಂಡಿಗೆ ಕಟ್ಟಿದ ಭಾಗ ನೇಯಲು ಸಿಗುವುದೇ ಇಲ್ಲ. ಹಾಸಿನ ಎಳೆಗಳಿಗೆ ಸುಮಾರು 300 ಮೀಟರ್, ಹೊಕ್ಕಿಗೆ ಸುಮಾರು 230 ಮೀಟರ್. ಒಂದು ಸಣ್ಣ ಸ್ಕಾರ್ಫು ಅರ್ಧ ಕಿಲೋಮೀಟರಿಗಿಂತ ಜಾಸ್ತಿ ನೂಲು ತಿನ್ನುತ್ತದೆ.

ಈ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ. ನೂಲು ಮಾತ್ರ ಕಾಗದ ಓದಿರುವುದಿಲ್ಲ. ಅದಕ್ಕೇ ಮಾದರಿ ತುಂಡು.

ಒಂದು ತುಂಡನ್ನೇ ನೋಡೋಣ. ನನ್ನ ಫೈಲಿನಲ್ಲಿರುವುದು, ಕಂದುಗೆಂಪು ಮತ್ತು ಬಿಳಿ. ಕಂದುಗೆಂಪು ಅಡಿಕೆ ಚೊಗರಿನದು. ಹಸಿ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಉಳಿಯುತ್ತದಲ್ಲ, ಅದೇ. ಸಾಗರದ ಹತ್ತಿರ ಹೆಗ್ಗೋಡಿನ ಕಡೆ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಈ ಬಣ್ಣವನ್ನು ಕೈಮಗ್ಗದ ಬಟ್ಟೆಗೆ ಹಾಕಿ ಹೆಸರು ಮಾಡಿದ್ದಾರೆ. ಮಲೆನಾಡಿನ ನೆಂಟರೊಬ್ಬರು ಕೊಟ್ಟ ಚೊಗರಿನಲ್ಲಿ ನಾನೇ ಒಂದಿಷ್ಟು ಲಡಿ ಅದ್ದಿದ್ದೆ. ಆ ತುಂಡಿಗೆ ಹಾಸು ಹಾಕಿದ್ದು ಒಂದು ಕಂದು, ಒಂದು ಬಿಳಿ, ಒಂದು ಕಂದು, ಒಂದು ಬಿಳಿ. ಹೊಕ್ಕೂ ಹಾಗೆಯೇ. ನೇಯ್ಗೆ ಬರೀ ಸಾದಾ, ಮೇಲೊಂದು ಕೆಳಗೊಂದು. ಆದರೆ ಬಟ್ಟೆ ನೋಡಿದರೆ ಉದ್ದುದ್ದ ಗೆರೆ. ನಡುವೆ ಒಂದು ಕಡೆ ಬೇಕೆಂದೇ ಎರಡು ಬಿಳಿ ಹೊಕ್ಕು ಒಟ್ಟಿಗೆ ಹಾಕಿದೆ. ಅಲ್ಲಿಂದ ಮುಂದೆ ಗೆರೆಗಳು ಅಡ್ಡಡ್ಡ ತಿರುಗಿದವು. ನೂಲು ಅದೇ, ಹಣಿಗೆ ಅದೇ, ಕೈಯೂ ಅದೇ. ಒಂದು ಎಳೆ ಜಾಸ್ತಿ ಬಿದ್ದದ್ದಕ್ಕೆ ಇಡೀ ಬಟ್ಟೆಯ ಮುಖ ಬೇರೆಯಾಯಿತು. ಹಾಸಿನಲ್ಲೂ ಹಾಗೇ ಅಲ್ಲಲ್ಲಿ ಎರಡೆರಡು ಬಿಳಿ ಇಟ್ಟರೆ ಉದ್ದ ಗೆರೆಯ ಚೌಕ, ಅಡ್ಡ ಗೆರೆಯ ಚೌಕ ಪಕ್ಕಪಕ್ಕ ಬರುತ್ತವೆ, ಚಾಪೆ ಹೆಣೆದ ಹಾಗೆ ಕಾಣುತ್ತದೆ. ಪಾಶ್ಚಾತ್ಯ ನೇಕಾರರು ಇದಕ್ಕೆ ಲಾಗ್ ಕ್ಯಾಬಿನ್ ಅನ್ನುತ್ತಾರೆ. ಓದಿ ಗೊತ್ತಿತ್ತು. ಗೆರೆ ತಿರುಗಿದ್ದನ್ನು ಮಗ್ಗದ ಮೇಲೆ ನೋಡುವವರೆಗೆ ನಂಬಿಕೆ ಬಂದಿರಲಿಲ್ಲ.

ಈ ತುಂಡಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದು: ಮಗ್ಗದ ಮೇಲೆ ಅಗಲ 6 ಇಂಚು, ಇಳಿಸಿದ ಮೇಲೆ ಐದೂವರೆ, ತೊಳೆದ ಮೇಲೆ ಐದೂಕಾಲು. ಈ ಮೂರು ಅಂಕಿ ಗೊತ್ತಿದ್ದರೆ ಮುಂದಿನ ಸ್ಕಾರ್ಫಿಗೆ ಎಷ್ಟು ಎಳೆ ಅನ್ನುವುದಕ್ಕೆ ಊಹೆ ಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಹತ್ತು ಇಂಚು ಅಂದುಕೊಂಡದ್ದು ಎಂಟೂಮುಕ್ಕಾಲಿಗೆ ಬಂದು ನಿಲ್ಲುತ್ತದೆ.

ತೊಳೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಗ್ಗದಿಂದ ಇಳಿಸಿದ ಬಟ್ಟೆ ಇನ್ನೂ ಬಟ್ಟೆಯಲ್ಲ. ಬಿಗಿಯಾಗಿ ಎಳೆದು ಕಟ್ಟಿದ ಎಳೆಗಳು ಅಡ್ಡ ಉದ್ದ ಇರುತ್ತವೆ ಅಷ್ಟೆ. ಮುಟ್ಟಿದರೆ ಗಡುಸು, ಬೆಳಕಿಗೆ ಹಿಡಿದರೆ ಜಾಳು ಜಾಳು. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಸ್ವಲ್ಪ ಸೋಪು ಹಾಕಿ, ಮೆಲ್ಲಗೆ ಹಿಚುಕಿ, ನೆರಳಲ್ಲಿ ಒಣಗಿಸಿದರೆ ಎಳೆಗಳು ಬಿಗಿ ಬಿಟ್ಟು ಅರಳುತ್ತವೆ. ನಡುವಿನ ಸಂದು ಮುಚ್ಚುತ್ತದೆ. ಹತ್ತಿಯಲ್ಲಿ ಈ ಬದಲಾವಣೆ ಸಾಧಾರಣ. ಉಣ್ಣೆಯಲ್ಲಿ ನಂಬಲಾಗದಷ್ಟು. ಉಣ್ಣೆ ಕೂದಲಿನ ಮೇಲೆ ಕಣ್ಣಿಗೆ ಕಾಣದ ಹೊರಪೊರೆಯ ಚೂರುಗಳಿವೆ. ಬಿಸಿ ನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗುತ್ತದೆ. ಹಿಂದಕ್ಕೆ ಬರುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಸ್ಕಾರ್ಫಿನ ಮೇಲೆ ಕಲಿಯುವ ವಿಷಯ ಅಲ್ಲ. ಅದಕ್ಕೇ ಉಣ್ಣೆಯ ಮಾದರಿಯನ್ನು ಎರಡು ಭಾಗ ಮಾಡಿ, ಅರ್ಧ ತೊಳೆಯದೆ ಹಾಗೇ ಇಡುತ್ತೇನೆ. ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಮಗ್ಗದಿಂದ ಬಂದವು ಅಂತ ಯಾರೂ ಹೇಳುವುದಿಲ್ಲ.

ನಮ್ಮ ಕಡೆಯ ಕುರಿ ಉಣ್ಣೆಯಲ್ಲೂ ಒಂದು ತುಂಡು ನೇಯ್ದೆ. ಡೆಕ್ಕನಿ ಕುರಿಯ ಕಪ್ಪು ಉಣ್ಣೆ, ಚಳ್ಳಕೆರೆ ಕಡೆಯಿಂದ ಬಂದದ್ದು. ಕಂಬಳಿ ನೇಯುವವರು ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ, ಇಲ್ಲದಿದ್ದರೆ ಒರಟು ನೂಲಿನ ಜುಂಗು ಒಂದಕ್ಕೊಂದು ಅಂಟಿ ಎಳೆ ಬಿಡಿಸಿಕೊಳ್ಳುವುದಿಲ್ಲ. ನಾನೂ ಗಂಜಿ ಹಚ್ಚಿದೆ. ಮನೆಯೆಲ್ಲ ವಾರದ ತನಕ ಹುಣಸೆ ಬೀಜದ ವಾಸನೆ. ತುಂಡು ಬಂದದ್ದು ಮಾತ್ರ ಭಾರೀ ಚೆಂದ. ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ, ಬಣ್ಣ ಹಾಕದ ಕಪ್ಪು, ಅಲ್ಲಲ್ಲಿ ಕಂದು. ಕತ್ತಿನ ಹತ್ತಿರ ತಂದರೆ ಎರಡು ನಿಮಿಷ ಇಟ್ಟುಕೊಳ್ಳೋಕೆ ಆಗುವುದಿಲ್ಲ, ಅಷ್ಟು ಚುಚ್ಚುತ್ತದೆ. ಮೆರಿನೋ ಅನ್ನುವ ಕುರಿ ತಳಿಯ ಉಣ್ಣೆಯ ಕೂದಲು ಸಣ್ಣ, ಚರ್ಮಕ್ಕೆ ತಾಗಿದರೆ ಬಾಗುತ್ತದೆ. ಇದು ದಪ್ಪ, ಬಾಗುವುದಿಲ್ಲ. ಮಳೆಯಲ್ಲಿ ಕುರಿ ಕಾಯುವವನ ಹೆಗಲಿಗೆ ಆ ಗಡಸುತನವೇ ಬೇಕು. ಸ್ಕೂಟರ್ ಮೇಲೆ ಹೋಗುವ ಹುಡುಗಿಯ ಕತ್ತಿಗೆ ಬೇಡ. ಇದು ಒಂದು ಗೇಣಿನಲ್ಲೇ ಗೊತ್ತಾಯಿತು. ಆ ತುಂಡು ಈಗ ಬಿಸಿ ಕುಕ್ಕರ್ ಇಳಿಸಲು ಚೆನ್ನಾಗಿ ಉಪಯೋಗಕ್ಕೆ ಬರುತ್ತಿದೆ.

ಬಣ್ಣದ ಮಾದರಿಯದು ಇನ್ನೊಂದು ರುಚಿ. ಐದು ಬಣ್ಣದ ಪಟ್ಟಿಗಳನ್ನು ಹಾಸಿನಲ್ಲಿ ಇಟ್ಟು, ಅದೇ ಐದನ್ನು ಅದೇ ಕ್ರಮದಲ್ಲಿ ಹೊಕ್ಕಿನಲ್ಲಿ ಹಾಕಿದರೆ 25 ಚೌಕ. ಐದು ಚೌಕದಲ್ಲಿ ಮಾತ್ರ ಬಣ್ಣ ತಾನು ತಾನಾಗಿಯೇ ಇರುತ್ತದೆ. ಉಳಿದ ಇಪ್ಪತ್ತರಲ್ಲಿ ಬೇರೆಯದರ ಜೊತೆ ಸೇರಿ ಇನ್ನೇನೋ ಆಗಿರುತ್ತದೆ. ಕೋನುಗಳನ್ನು ಪಕ್ಕಪಕ್ಕ ಇಟ್ಟಾಗ ಕೆಂಪು ಹಸಿರು ಹಬ್ಬದ ಹಾಗೆ ಇರುತ್ತವೆ. ನೇಯ್ದು ನಾಲ್ಕು ಹೆಜ್ಜೆ ಹಿಂದೆ ನಿಂತರೆ ಮಣ್ಣು ಬಣ್ಣ. ನೀಲಿ ಮತ್ತು ಕೆಂಪು ಹಾಗಲ್ಲ. ಸಣ್ಣ ನೂಲಿನಲ್ಲಿ ನೇಯ್ದರೆ ಬಟ್ಟೆ ಮಡಿಸಿದ ಕಡೆಯೆಲ್ಲ ಬಣ್ಣ ಹೊರಳುತ್ತದೆ, ರೇಷ್ಮೆ ಸೀರೆಯಲ್ಲಿ ನವಿಲುಗತ್ತಿನ ಬಣ್ಣ ಅನ್ನುತ್ತೇವಲ್ಲ ಆ ತರಹ. ನನಗೆ ತುಂಬ ಇಷ್ಟವಾದ ಸ್ಕಾರ್ಫಿನ ಬಣ್ಣ, ಅರಿಸಿನ ಬಣ್ಣದ ಹಾಸಿನ ಮೇಲೆ ಬೂದು ಹೊಕ್ಕು, ಸಿಕ್ಕಿದ್ದು ಇಂಥ ಒಂದು ತುಂಡಿನ ಮೂಲೆಯಲ್ಲಿ. ನಾನಾಗಿ ಆರಿಸಿದ್ದರೆ ಆ ಎರಡನ್ನು ಯಾವತ್ತೂ ಜೊತೆಗೆ ಇಡುತ್ತಿರಲಿಲ್ಲ.

ಮಾದರಿ ತುಂಡಿಗೆ ಒಂದು ಕೆಟ್ಟ ಚರಿತ್ರೆಯೂ ಇದೆ. ಅದು ಗೊತ್ತಾದ ಮೇಲೆ ನನ್ನ ಫೈಲನ್ನು ನೋಡುವ ರೀತಿ ಸ್ವಲ್ಪ ಬದಲಾಯಿತು.

1866ರಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ, ಅಂದರೆ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ, ಜಾನ್ ಫೋರ್ಬ್ಸ್ ವಾಟ್ಸನ್ ಅನ್ನುವ ಅಧಿಕಾರಿ ಇದ್ದ. ಭಾರತದಲ್ಲಿ ಏನೇನು ಬೆಳೆಯುತ್ತಾರೆ, ಏನೇನು ತಯಾರಿಸುತ್ತಾರೆ ಅಂತ ವರದಿ ಮಾಡುವುದು ಅವನ ಕೆಲಸ. ಅಲ್ಲಿನ ಸಂಗ್ರಹದಲ್ಲಿದ್ದ ಭಾರತದ ಸೀರೆ, ಧೋತಿ, ರುಮಾಲು, ಶಾಲುಗಳನ್ನೆಲ್ಲ ಅವನು ಕತ್ತರಿಸಿ ತುಂಡು ಮಾಡಿಸಿದ. 700 ಮಾದರಿ, 18 ಸಂಪುಟ. ಅಂಥ 20 ಸೆಟ್. ಲೆಕ್ಕ ಹಾಕಿದರೆ 14,000 ತುಂಡು. ಪ್ರತಿ ತುಂಡಿನ ಜೊತೆ ಬಟ್ಟೆಯ ಉದ್ದ, ಅಗಲ, ತೂಕ, ಎಲ್ಲಿಂದ ಬಂದದ್ದು ಅನ್ನುವ ವಿವರ. 13 ಸೆಟ್ ಬ್ರಿಟನ್ನಿನಲ್ಲೇ ಉಳಿದವು, 7 ಭಾರತಕ್ಕೆ ಬಂದವು. ಬಟ್ಟೆ ಗಿರಣಿಗಳ ನಾಡಾಗಿದ್ದ ಲಂಕಾಷೈರಿನ ಪ್ರೆಸ್ಟನ್ ಊರಿನ ಹ್ಯಾರಿಸ್ ಮ್ಯೂಸಿಯಂನಲ್ಲಿ ಒಂದು ಸೆಟ್ ಈಗಲೂ ಇದೆ. ಉದ್ದೇಶದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಭಾರತದ ಜನ ಏನು ಉಡುತ್ತಾರೆ ಅಂತ ಅಲ್ಲಿನ ಗಿರಣಿಯವರು ಕೈಯಲ್ಲಿ ಮುಟ್ಟಿ ನೋಡಬೇಕು, ಅಂಥದ್ದನ್ನೇ ಮಾಡಿ ಇಲ್ಲಿ ಮಾರಬೇಕು. ಜರಿ ರೇಷ್ಮೆಗಿಂತ ಸಾಮಾನ್ಯ ಜನ ಉಡುವ ಸಾದಾ ಬಟ್ಟೆಯಲ್ಲೇ ದೊಡ್ಡ ವ್ಯಾಪಾರ ಇರುವುದು ಅನ್ನುವುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ನೇಯ್ಗೆಯ ಕಣ್ಣಿನಿಂದ ನೋಡಿದರೆ ಆ ಸಂಪುಟಗಳು ಅದ್ಭುತ. ಯಾರೋ ಒಬ್ಬ ನೇಕಾರನ ಕೈ ಬಡಿತ, ಹೊಕ್ಕಿನ ಎಣಿಕೆ, ಅಂಚಿನ ಬಿಗಿ ಎಲ್ಲ ನೂರೈವತ್ತು ವರ್ಷ ಕಳೆದರೂ ಹಾಗೇ ಕೂತಿದೆ. ಆದರೆ ನೇಯ್ದವನ ಹೆಸರಿಲ್ಲ. ಅವನಿಗೆ ಆ ತುಂಡಿನಿಂದ ಒಂದು ಕಾಸೂ ಬರಲಿಲ್ಲ, ಬಂದದ್ದು ಪೈಪೋಟಿ. ಒಂದು ಗೇಣು ಬಟ್ಟೆಯಲ್ಲಿ ಎಷ್ಟು ತಿಳಿವಳಿಕೆ ಇರುತ್ತದೆ ಅನ್ನುವುದು ನಮಗಿಂತ ಚೆನ್ನಾಗಿ ಆ ಅಧಿಕಾರಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಬಟ್ಟೆ ಪೂರ್ತಿ ಬೇಕಾಗಿಲ್ಲ. ತುಂಡು ಸಾಕು.

ಹೋದ ವರ್ಷ ಹುನಗುಂದದಲ್ಲಿ ನೆಂಟರ ಮದುವೆ ಇತ್ತು. ಅಲ್ಲಿಂದ ಇಳಕಲ್ ಹತ್ತಿರ. ಪರಿಚಯದವರೊಬ್ಬರು ನೇಕಾರರ ಮನೆಗೆ ಕರೆದುಕೊಂಡು ಹೋದರು. ಬ್ಯಾಗಿನಲ್ಲಿ ನನ್ನ ಫೈಲು ಇತ್ತು. ತೋರಿಸಲೋ ಬೇಡವೋ ಅಂತ ನಾಚಿಕೆ ಬೇರೆ.

ಒಳಗೆ ಕುಣಿ ಮಗ್ಗ. ಆ ಮನೆಯ ಯಜಮಾನರು ಕುಣಿಯಲ್ಲಿ ಕಾಲಿಟ್ಟು ಕೂತು ನೇಯುತ್ತಿದ್ದರು. ಅವರ ಹೆಂಡತಿ ಹೊಸಲಿನ ಬೆಳಕಿಗೆ ಕೂತು ಕೊಂಡಿ ಹಾಕುತ್ತಿದ್ದರು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯದು ಹತ್ತಿ ಅಥವಾ ರೇಷ್ಮೆ, ಸೆರಗಿನದು ಕೆಂಪು ರೇಷ್ಮೆ. ಎರಡೂ ಹಾಸಿನ ತುದಿಯ ಕುಣಿಕೆಗಳನ್ನು ಒಂದರೊಳಗೊಂದು ತೂರಿಸಿ ಕೂಡಿಸಬೇಕು. ಹೀಗೆ ಸೀರೆಯ ಅಗಲಕ್ಕೂ, ಸಾವಿರಾರು ಎಳೆ. ಅದಕ್ಕೇ ಕೊಂಡಿ ಹಾಕುವ ಸೀರೆಗೆ ಒಂದು ಸೀರೆಯ ಉದ್ದಕ್ಕೆ ಎಷ್ಟು ಬೇಕೋ ಅಷ್ಟೇ ಹಾಸು. ಆರು ಗಜ, ಎಂಟು ಗಜ, ಒಂಬತ್ತು ಗಜ. ಆ ಸೀರೆ ಮುಗಿದರೆ ಹಾಸೂ ಮುಗಿಯಿತು, ಮತ್ತೆ ಹೊಸದು, ಮತ್ತೆ ಕೊಂಡಿ. ಅವರ ಬೆರಳು ಕೊಂಡಿ ಹಾಕುವುದನ್ನು ನೋಡುತ್ತಾ ಕೂತರೆ ಎಲ್ಲಿ ಬಿಳಿ ಮುಗಿಯಿತು ಎಲ್ಲಿ ಕೆಂಪು ಶುರುವಾಯಿತು ಅನ್ನುವುದು ಕಣ್ಣಿಗೆ ಸಿಗುವುದಿಲ್ಲ.

ಆಕೆಯ ಕೈಗೆ ಫೈಲು ಕೊಟ್ಟೆ. ಕೆಲಸ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದರು. ಹೆಬ್ಬೆಟ್ಟಿನ ಉಗುರನ್ನು ಬಟ್ಟೆಯ ಮೇಲೆ ಇಟ್ಟು, ಉಗುರಿನ ಅಗಲದಲ್ಲಿ ಎಳೆ ಎಣಿಸಿದರು. ನಾನು ಸ್ಕೇಲು ಇಟ್ಟು ಭೂತಗನ್ನಡಿಯಲ್ಲಿ ಮಾಡುವ ಕೆಲಸ ಅದು.

"ಇಲ್ಲಿ ಕೈ ಜೋರ ಬಿದ್ದೈತಿ. ಇಲ್ಲಿ ಸಡ್ಲ," ಅಂದರು. "ನಡಕ ಎದ್ದು ಹೋಗಿದ್ರೇನ?"

ಹೌದು, ಹೋಗಿದ್ದೆ. ಫೋನ್ ಬಂದಿತ್ತೋ, ಹಾಲು ಉಕ್ಕಿತ್ತೋ. ವಾಪಸ್ ಬಂದು ಕೂತಾಗ ಕೈ ಬೇರೆ ಆಗಿರುತ್ತದೆ.

"ಇಷ್ಟ ತುಂಡ ಕುಬಸಕ್ಕೂ ಸಾಲೂದಿಲ್ಲಲ್ರಿ. ಯಾರ ರೊಕ್ಕ ಕೊಡ್ತಾರ ಇದಕ್ಕ?"

"ಯಾರೂ ಕೊಡೋದಿಲ್ಲ ಅಕ್ಕಾರ. ಹೆಂಗ ಬರ್ತೈತಿ ಅಂತ ನೋಡಾಕ ನೇಯ್ದದ್ದು."

"ನೋಡಾಕ!" ಅಂದು ಕುಣಿಯಲ್ಲಿದ್ದ ಗಂಡನ ಕಡೆ ತಿರುಗಿದರು. "ಕೇಳಿದ್ರೇನ? ನೋಡಾಕ ಅಂತ." ಆಮೇಲೆ ನನಗೆ, "ನಮಗ ಹಾಸ ಹಾಕಿದ್ವಿ ಅಂದ್ರ ಅದು ಸೀರಿ ಆಗಬೇಕ ತಂಗಿ. ನೂಲ ಮಾಲಕರದು, ಬಣ್ಣ ಮಾಲಕರದು. ತೂಕ ಮಾಡಿ ಕೊಟ್ಟಿರ್ತಾರ, ತೂಕ ಮಾಡಿ ತಗೋತಾರ. ನೋಡಾಕ ಅಂತ ಒಂದ ಗೇಣ ನೇಯ್ದ್ರ ಆ ಗೇಣಿನ ಲೆಕ್ಕ ಯಾರಿಗೆ ಹೇಳೂನು?"

ಅದರಲ್ಲಿ ಕೊರಗು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಜೂರಿ ಸಿಗುವುದು ಸೀರೆಗೆ. ಎಷ್ಟು ಎಳೆ, ಯಾವ ದಡಿ (ಅಂಚು), ಎಂಥ ಸೆರಗು ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಚಿಕ್ಕಿ ಪರಾಸು, ಗೋಮಿ, ಗಾಡಿ ಹೀಗೆ ದಡಿಗಳಿಗೆ ಹೆಸರಿವೆ, ಅವರ ಕೈಗೆ ಎಲ್ಲವೂ ಬಾಯಿಪಾಠ. ಹೊಸದು ಏನಾದರೂ ಮಾಡಿ ನೋಡುವ ಆಸೆ ಇಲ್ಲವಾ ಅಂತ ಕೇಳಿದೆ. ಯಜಮಾನರು ಮಗ್ಗ ನಿಲ್ಲಿಸದೆ, "ಆಸೆ ಐತ್ರಿ, ಹಾಸ ಎಲ್ಲಿಂದ ತರೂನು?" ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. 2019-20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಜಾಸ್ತಿ ಕೈಮಗ್ಗ ನೇಕಾರರು ಮತ್ತು ಅದಕ್ಕೆ ಸಂಬಂಧಪಟ್ಟ ಕೆಲಸ ಮಾಡುವವರು ಇದ್ದಾರೆ, ಅವರಲ್ಲಿ ಹೆಂಗಸರೇ ಜಾಸ್ತಿ. ಆಗಸ್ಟ್ 7 ಬಂತೆಂದರೆ ಕೈಮಗ್ಗ ದಿನ, ವಾಟ್ಸ್ಆ್ಯಪ್ ತುಂಬ ಶುಭಾಶಯ. ನೇಕಾರರಿಗೆ ಹೊಸ ವಿನ್ಯಾಸ ಕಲಿಸಬೇಕು ಅಂತ ಭಾಷಣ ಮಾಡುವವರೂ ಇದ್ದಾರೆ. ಕಲಿಸೋದಕ್ಕೆ ಏನಿದೆ? ಉಗುರಿನಲ್ಲಿ ಎಳೆ ಎಣಿಸುವವರಿಗೆ ನಾವು ಕಲಿಸುವಂಥದ್ದು ಬಹಳ ಇಲ್ಲ. ಬೇಕಾಗಿರುವುದು ಒಂದೆರಡು ಗಜ ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಹಾಸು, ಮತ್ತು ಅದನ್ನು ನೇಯುವ ದಿನದ ಮಜೂರಿ. ಕಂಪನಿಗಳಲ್ಲಿ ಇದಕ್ಕೆ ಸಂಶೋಧನೆ ಅಂತ ಹೆಸರಿಟ್ಟು ದುಡ್ಡು ತೆಗೆದಿಡುತ್ತಾರೆ, ಯಾರೂ ದಂಡ ಅನ್ನುವುದಿಲ್ಲ. ನೇಕಾರ ಮಾಡಿದರೆ ಮಾತ್ರ ನೂಲು ಹಾಳು.

ನನ್ನ ಹತ್ತಿರ ಇರುವುದು ಅದೇ, ಲೆಕ್ಕ ಕೊಡಬೇಕಿಲ್ಲದ ಹಾಸು. ಕೈಯಲ್ಲಿ ಅವರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅವರು ಒಂದು ಸಂಜೆಯಲ್ಲಿ ನೇಯುವಷ್ಟನ್ನು ನಾನು ಒಂದು ತಿಂಗಳು ಎಳೆದಾಡುತ್ತೇನೆ. ಆದರೆ ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತದೆ, ಹಾಗಾಗಿ ಮಣ್ಣು ಬಣ್ಣ ಬಂದರೂ ಪರವಾಗಿಲ್ಲ. ಮನೆಯಲ್ಲಿ ಸುಮ್ನೆ ನೇಯುವವರು ತಾವೂ ನೇಕಾರರೇ ಅಂತ ಪರಿಚಯ ಮಾಡಿಕೊಳ್ಳುವುದನ್ನು ಕೇಳಿದಾಗ ನನಗೆ ಕಸಿವಿಸಿ ಆಗುವುದು ಇದಕ್ಕೇ. ಕೆಲಸ ಒಂದೇ ಇರಬಹುದು. ತಪ್ಪು ನೇಯ್ದರೆ ಯಾರಿಗೆ ಏನಾಗುತ್ತದೆ ಅನ್ನುವುದು ಒಂದೇ ಅಲ್ಲ.

ಸ್ಕಾರ್ಫು ಮಾರೋದಿಲ್ಲವಾ ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ನನ್ನ ಗಂಟೆಗಳಿಗೆ ಬೆಲೆ ಕಟ್ಟಿದರೆ ಒಂದು ಸ್ಕಾರ್ಫಿಗೆ ಒಂದು ಒಳ್ಳೆಯ ರೇಷ್ಮೆ ಸೀರೆಯ ದುಡ್ಡು ಕೇಳಬೇಕಾಗುತ್ತದೆ. ಗಂಟೆ ಬಿಟ್ಟು ಬರೀ ನೂಲಿನ ದುಡ್ಡಿಗೆ ಕೊಟ್ಟರೆ, ಕೈಮಗ್ಗದ್ದು ಇಷ್ಟಕ್ಕೇ ಸಿಗುತ್ತದೆ ಅನ್ನುವ ಮಾತು ಹಬ್ಬುತ್ತದೆ. ಆ ಮಾತಿನ ಏಟು ಬೀಳುವುದು ಹೊಸಲಿನಲ್ಲಿ ಕೂತು ಕೊಂಡಿ ಹಾಕುವವರಿಗೆ. ಬೇಕಾದವರಿಗೆ ಸುಮ್ನೆ ಕೊಡುತ್ತೇನೆ. ಕೊಂಡೇ ತೀರುತ್ತೇನೆ ಅನ್ನುವವರಿಗೆ ಇಳಕಲ್ಲಿನ ವಿಳಾಸ ಕೊಡುತ್ತೇನೆ.

ಅವತ್ತು ಇಳಕಲ್ಲಿನಿಂದ ಹೊರಡುವಾಗ ಆ ಅಕ್ಕ ಫೈಲಿನಿಂದ ಒಂದು ತುಂಡು ತೆಗೆದು ಪಕ್ಕಕ್ಕೆ ಇಟ್ಟುಕೊಂಡಿದ್ದರು, ಅರಿಸಿನ ಮತ್ತು ಬೂದು ಇದ್ದ ಮೂಲೆಯದು. "ಇದು ಇರ್ಲಿ," ಅಂದರು. ನಾನು ಕೇಳಲಿಲ್ಲ, ಅವರೂ ಯಾಕೆ ಅಂತ ಹೇಳಲಿಲ್ಲ. ಮಾದರಿ ತುಂಡು ಈ ದಿಕ್ಕಿನಲ್ಲೂ ಹೋಗಬಹುದಲ್ಲ ಅಂತ ಬಸ್ಸಿನಲ್ಲಿ ಅನ್ನಿಸಿತು.

ಈಗ ಉಳಿದ ತುಂಡುಗಳಿಗೆ ಮನೆಯಲ್ಲೇ ಒಬ್ಬರು ಗಂಟು ಬಿದ್ದಿದ್ದಾರೆ. ಧಾರವಾಡದಿಂದ ಅವ್ವ ಬಂದಿದ್ದಾಳೆ. ಅವಳಿಗೆ ಕೌದಿ ಹೊಲಿಯುವ ಹುಚ್ಚು. ಹಳೆ ಸೀರೆ, ಹಳೆ ಅಂಗಿ, ಯಾವ ಅರಿವೆ ಸಿಕ್ಕರೂ ಬಿಡುವುದಿಲ್ಲ. ಫೈಲು ನೋಡಿದ ದಿನದಿಂದ ಒಂದೇ ಹಟ. "ಇಷ್ಟ ಛಲೋ ಛಲೋ ತುಂಡ ಕಾಗದದಾಗ ಯಾಕ ಮುಚ್ಚಿಟ್ಟಿ? ಕೊಡ ಇಲ್ಲಿ." ಇದರಲ್ಲಿ ಅಳತೆ ಇದೆ, ಲೆಕ್ಕ ಇದೆ, ಮುಂದೆ ಬೇಕಾಗುತ್ತದೆ ಅಂತ ಎಷ್ಟು ಹೇಳಿದರೂ, "ಲೆಕ್ಕ ಬರಕೊಂಡಿಯಲ್ಲ, ಮತ್ತ ತುಂಡ ಯಾಕ?" ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಗಟ್ಟಿಯಾದ ಉತ್ತರ ಇಲ್ಲ. ಕೊನೆಗೆ ರಾಜಿಗೆ ಬಂದೆ. ಎರಡು ಭಾಗ ಮಾಡಿದವುಗಳಲ್ಲಿ ತೊಳೆಯದ ಅರ್ಧ ತಗೋ, ತೊಳೆದದ್ದು ನನಗಿರಲಿ ಅಂದೆ.

ಅವ್ವ ಎರಡನ್ನೂ ಬೆರಳಲ್ಲಿ ತಿಕ್ಕಿ ನೋಡಿದಳು. "ತೊಳೀದ ಅರಿವಿ ಕೌದಿಗೆ ಹಾಕಿದ್ರ ಮೊದಲ್ನೇ ನೀರಿಗೇ ಜಗ್ಗಿ ಸುಕ್ಕ ಬೀಳ್ತೈತಿ. ತೊಳದದ್ದ ಕೊಡ," ಅಂದಳು. ಹತ್ತಿಯವು ಅವಳ ಕೈಗೆ ಹೋಗಿವೆ. ಉಣ್ಣೆಯವಕ್ಕೆ ಇನ್ನೂ ಮಾತುಕತೆ ನಡೆದಿದೆ.